ಗಂಧ ಒಲ್ಲದ ಮನುಷ್ಯ

ನನ್ನ ತಂಗಿಯ ಗಂಡ ಪ್ರೀತಿಸಲು ಬಾರದ ಮನುಷ್ಯ. ಅವರ ಮದುವೆಯಾದ ವರ್ಷವೇ ನಾನು ಹೀಗೆಂದು ತೀರ್ಮಾನಿಸಿದ್ದೆ, ತಂಗಿಯೂ ಅಲ್ಲಗಳೆಯಲಿಲ್ಲ.

ಅವರ ಬೀದಿಯ ತುದಿಯಲ್ಲಿ ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುವ ಕಾರ್ಖಾನೆಯೊಂದಿತ್ತು. ತೊಳೆದ ದ್ರಾವಕವನ್ನು ಹಿತ್ತಲಿಗೆ ಚೆಲ್ಲಿ ಚೆಲ್ಲಿ, ಅದು ಮುಚ್ಚುವ ಹೊತ್ತಿಗೆ ಬೀದಿಯ ಬಾವಿಗಳೆಲ್ಲ ಕೆಟ್ಟಿದ್ದವು. ನೆಲದಡಿಯ ನೀರನ್ನು ಮೇಲೆತ್ತಿ, ಗೋಪುರದಂಥ ತೊಟ್ಟಿಯಲ್ಲಿ ಇಳಿಬಿಟ್ಟು, ಕೆಳಗಿನಿಂದ ಗಾಳಿಯೂದಿ ವಿಷವನ್ನು ಹಾರಿಸುವುದು ತಂಗಿಯ ಗಂಡನ ಕೆಲಸ. ಬಾವಿಗಳಿಗೆ ಬೀಗ ಹಾಕಿದವರೂ ಇವರೇ.

ಕತ್ತು ಮುಂದೆ ಚಾಚಿ, ಮೂಗೇ ದಾರಿ ತೋರಿಸುತ್ತಿರುವಂತೆ ನಡೆಯುತ್ತಿದ್ದ ಇವರನ್ನು ಬೀದಿಯವರು ‘ಮೂಗಿನ ಸಾಹೇಬರು’ ಎನ್ನುತ್ತಿದ್ದರು. ಪರೀಕ್ಷೆಯ ಸೀಸೆಯನ್ನು ತುಳುಕುವಷ್ಟು ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟುವರು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬುವರು. ದ್ರಾವಕ ಆ ಗುಳ್ಳೆಯೊಳಗೆ ಅಡಗಿ ಕೂತರೆ ನೀರು ಸುಳ್ಳು ಹೇಳುತ್ತದಂತೆ.

ತಂಗಿಗೆ ಅತ್ತರಿನ ಮೋಹ. ಒಮ್ಮೆ, ಕೆಲಸಕ್ಕೆ ಹೊರಟ ಗಂಡನ ಕೋಟಿನ ತೋಳಿಗೆ ತಮಾಷೆಗೆಂದು ಒಂದು ಹನಿ ಹಚ್ಚಿದಳು. ಅತ್ತರಿನ ಆವಿ ಸೇರಿ, ಆ ಸಲದ ಸೀಸೆಗಳ ಪರೀಕ್ಷೆಯಲ್ಲಿ ನೀರಿನಲ್ಲಿಲ್ಲದ್ದೆಲ್ಲ ಕಂಡಿತು. ಒಂದು ಬಾವಿಯ ಬೀಗ ತೆಗೆಯುವ ದಿನ ಮತ್ತೆ ಮುಂದಕ್ಕೆ ಹೋಯಿತು. ಅಂದಿನಿಂದ ಮನೆಯಲ್ಲಿ ಗಂಧ ನಿಷೇಧ. ಕೋಟಿಗೆ ಸಾಬೂನೂ ಇಲ್ಲ, ಬರೀ ನೀರು. ಬೆವರಿನ ವಾಸನೆಗೆ ಸಭೆ ಸಮಾರಂಭಗಳಲ್ಲಿ ಅವರ ಪಕ್ಕದ ಕುರ್ಚಿ ಖಾಲಿಯಿರುತ್ತಿತ್ತು. ಕ್ರಮೇಣ ಅವರು ಹೋಗುವುದನ್ನೇ ಬಿಟ್ಟರು.

“ಈ ಅತ್ತರಿನ ಬಾಟ್ಲಿ ಯಾವಾಗ ತೆಗೀಲಿ?” ಎಂದು ತಂಗಿ ನನ್ನೆದುರಿಗೇ ಕೇಳಿದ್ದಳು.

“ಕೊನೇ ಬಾವಿ ಬೀಗ ತೆಗೆದ ದಿನ.”

“ಕೇಳಿದ್ಯಾ ಅಕ್ಕ? ನಾನು ಬಾವಿಯಾಗಿ ಹುಟ್ಟಬೇಕಿತ್ತು. ದಿನಾ ಬಂದು ವಿಚಾರಿಸ್ಕೊಳ್ಳೋರು.”

ಅವರು ನಗಲಿಲ್ಲ.

ಆ ಬೀಗ ತೆಗೆಯುವ ಮೊದಲೇ ತಂಗಿ ತೀರಿಹೋದಳು. ಅವಳನ್ನು ಕಳಿಸಿಕೊಟ್ಟ ಮರುದಿನವೇ ಅವರು ಸೀಸೆಗಳ ಪೆಟ್ಟಿಗೆ ಹಿಡಿದು ಹೊರಟರು. ಬಾಗಿಲಲ್ಲಿ ನಿಂತಿದ್ದ ನನಗೆ, “ಪಂಪು ನಿಲ್ಸೋಕಾಗಲ್ಲ, ಅಕ್ಕ” ಎಂದರು, ಅಷ್ಟೇ. ಕಣ್ಣಿಗೆ ಕಾಣದ ಕೊಳೆಯನ್ನು ಜೀವಮಾನವಿಡೀ ತೊಳೆಯುವವರೇ ಹೀಗೆ: ಹತ್ತಿರ ಬಂದವರ ಸೋಂಕು ತಗಲೀತೆಂದು ಹೆದರಿ ಹೆದರಿ, ಕೊನೆಗೆ ಹತ್ತಿರ ಯಾರೂ ಇಲ್ಲದಂತೆ ಮಾಡಿಕೊಳ್ಳುತ್ತಾರೆ. ಹಾಗೆಂದೇ ನಾನು ನಂಬಿದ್ದೆ.

ಕಳೆದ ತಿಂಗಳು ಕೊನೆಯ ಬಾವಿಯೂ ಶುದ್ಧವೆಂದು ವರದಿ ಬಂತು. ಬೀಗ ತೆಗೆದು, ಕೋಟೂ ಕಳಚದೆ, ಸಂಜೆ ನನ್ನ ಮನೆಗೆ ಬಂದರು. ಬಾಗಿಲು ತೆರೆದಾಗ ತಂಗಿಯ ಗಂಧ ಮೊದಲು ಒಳಗೆ ಬಂತು, ಹಿಂದೆ ಅವರು. ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಇಡೀ ಬಾಟಲಿಯನ್ನೇ ಸುರಿದುಕೊಂಡಿದ್ದರು.

“ಎಷ್ಟು ಹಚ್ಕೋತಿದ್ಲು ಅಂತ ಗೊತ್ತಾಗ್ಲಿಲ್ಲ, ಅಕ್ಕ,” ಎಂದರು.