ನಲವತ್ತೆರಡು ಸಾವಿರದ ಸರಾಸರಿ

ಅಕ್ಕನ ಸಹಿಯೊಂದು ಬಿದ್ದರೆ ತಂಗಿಯ ಸಾಲದ ಅರ್ಜಿ ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತಿತ್ತು. ನಾಳೆಯೇ ಕೊನೆಯ ದಿನ. ಅಮ್ಮ ಜಾಮೀನು ನಿಲ್ಲುವಂತಿರಲಿಲ್ಲ. ಆರು ವರ್ಷದ ಹಿಂದೆ ಅಕ್ಕನ ಓದಿನ ಸಾಲಕ್ಕೇ ಅವಳು ನಿಂತಾಗಿತ್ತು. ಇನ್ನೊಂದಕ್ಕೆ ಅವಳ ಹೆಸರು ಸಾಲದು ಎಂದು ಬ್ಯಾಂಕಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಅಕ್ಕ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತಂಗಿ ಅರ್ಜಿಯನ್ನು ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಕತ್ತರಿಯ ಭಾರ ಇಟ್ಟಿದ್ದಳು. ಅಮ್ಮ ಶಾಲೆಯ ಸಮವಸ್ತ್ರದ ರಾಶಿಯ ಹಿಂದೆ ತಲೆ ಮಾತ್ರ ಕಾಣುವಂತೆ ಕೂತು ಮಷೀನು ತುಳಿಯುತ್ತಿದ್ದಳು.

"ಮೊದ್ಲು ನೀರಾದ್ರೂ ಕುಡೀಲಿ ಬಿಡೇ. ನಿಂತ ಕಾಲಲ್ಲೇ ಎಲ್ಲಾ ಆಗ್ಬೇಕು ಇವಳಿಗೆ," ಅಂದಳು ಅಮ್ಮ.

ಅಕ್ಕ ನೀರು ಕುಡಿದಳು. ಅವಳ ತಲೆ ಧಿಮ್ಮೆನ್ನುತ್ತಿತ್ತು. ಸಾಲ ಕೊಡುವ ಕಂಪನಿಯೊಂದರಲ್ಲಿ, ಕಂತು ತಪ್ಪಿಸಿದವರ ಫೋನಿಗೆ ಕಳಿಸುವ ಸಂದೇಶಗಳನ್ನು ಬರೆಯುವುದು ಅವಳ ಕೆಲಸ. ಮೊದಲ ವಾರ ಬೆಣ್ಣೆಯಂಥ ಮಾತು, ಎರಡನೇ ವಾರ ಸ್ವಲ್ಪ ಖಾರ, ಮೂರನೇ ವಾರ ವಕೀಲರ ಹೆಸರು. ಮೂರು ವರ್ಷ ಸಂವಹನ ಪದವಿ ಓದಿ ಅವಳಿಗೆ ದಕ್ಕಿದ ಸಾಹಿತ್ಯಸೇವೆ ಇಷ್ಟೇ. ಇವತ್ತು ಒಂದೇ ವಾಕ್ಯವನ್ನು ಮ್ಯಾನೇಜರು ಹದಿನೇಳು ಸಲ ತಿದ್ದಿಸಿ, ಕೊನೆಗೆ ಮೊದಲು ಬರೆದದ್ದೇ ಇರಲಿ ಅಂದಿದ್ದ.

"ಹುಟ್ಟಿದಾಗಿಂದ ಬಾಯಿ ಮುಚ್ಚಿದವಳಲ್ಲ ಇವಳು," ಅಮ್ಮ ದಾರ ಕಚ್ಚಿ ತುಂಡರಿಸಿದಳು. "ಈಗ ಮಾತಾಡೋದು ಕಲಿಯೋಕೆ ಸಾಲ ಬೇಕಂತೆ."

"ಅಮ್ಮಾ, ಸುಮ್ನಿರು. ಅಕ್ಕಾ, ಇಲ್ಲಿ ನೋಡು." ತಂಗಿ ಅಕ್ಕ ಓದಿದ್ದ ಕಾಲೇಜಿನ ನುಣುಪು ಕಾಗದದ ಕರಪತ್ರ ಬಿಡಿಸಿದಳು. ನಗುವ ಹುಡುಗಿಯರ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ನಮ್ಮಲ್ಲಿ ಓದಿದವರ ಸರಾಸರಿ ಸಂಬಳ ತಿಂಗಳಿಗೆ ನಲವತ್ತೆರಡು ಸಾವಿರ. "ನಿಮ್ಮ ಬ್ಯಾಚಿನ ಲೆಕ್ಕ ಇದು. ನಿಂದಂತೂ ನಲವತ್ತೈದು. ನಿನ್ನ ಸಾಲ ಈ ವರ್ಷ ಮುಗಿಯತ್ತೆ, ನಂದು ಶುರುವಾಗತ್ತೆ. ಸರಿಹೋಯ್ತಲ್ಲ!"

ಆ ನಲವತ್ತೆರಡು ಎಲ್ಲಿಂದ ಬಂತೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆ ಮುಗಿದ ಆರು ತಿಂಗಳಿಗೆ ಕಾಲೇಜಿನಿಂದ ಎಲ್ಲರಿಗೂ ಫೋನು ಬರುತ್ತದೆ, ಎಲ್ಲಿ ಕೆಲಸ, ಎಷ್ಟು ಸಂಬಳ ಅಂತ. ಅದರ ಹಿಂದಿನ ದಿನವೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಬರೆದಿದ್ದ: ಯಾರೂ ನಲವತ್ತಕ್ಕೆ ಕಡಿಮೆ ಹೇಳಬೇಡಿ, ಕಾಲೇಜಿಗೆ ಹೆಸರು ಬಂದರೆ ನಮ್ಮ ಪದವಿಗೂ ಬೆಲೆ ಬರುತ್ತೆ. ಮೂರು ವರ್ಷ ಅವರು ಕಲಿತದ್ದೇ ಅದು, ಸರಕಿಗಿಂತ ಹೊದಿಕೆ ಚೆನ್ನಾಗಿರಬೇಕು ಅನ್ನುವುದು. ಎಲ್ಲರೂ ಹೆಬ್ಬೆರಳೆತ್ತಿದ ಚಿತ್ರ ಹಾಕಿ ಒಪ್ಪಿದರು. ಫೋನು ಬಂದಾಗ ಅಕ್ಕ ಒಂದು ಹೆಜ್ಜೆ ಮುಂದೆ ಹೋಗಿ ನಲವತ್ತೈದು ಅಂದುಬಿಟ್ಟಳು. ಆಗ ಕೈಗೆ ಬರುತ್ತಿದ್ದದ್ದು ಹದಿನಾರು.

ಒಂದೇ ಕೋಣೆಯ ಮನೆ. ಅವತ್ತು ಅಮ್ಮ ಮಷೀನು ನಿಲ್ಲಿಸಿ ಆ ಮಾತು ಕೇಳಿಸಿಕೊಂಡಿದ್ದಳು. ಫೋನಿಡುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಅಷ್ಟು ದೂರ ಹೋದ ಮಾತನ್ನು ಹಿಂದಕ್ಕೆ ಕರೆಯಲು ಅಕ್ಕನಿಗೆ ಬಾಯಿ ಬರಲಿಲ್ಲ. ಮನೆಗೆ ಯಾಕೆ ಆರೇ ಸಾವಿರ ಕೊಡುತ್ತೀ ಅಂದರೆ, ಉಳಿದದ್ದೆಲ್ಲ ಸಾಲಕ್ಕೆ ಹಾಕಿ ಬೇಗ ತೀರಿಸುತ್ತಿದ್ದೇನೆ ಅಂದಳು. ಎರಡು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದಳು.

ಈಗಲೂ ಅದನ್ನೇ ಹೇಳಬಹುದಿತ್ತು. ಸಹಿ ಹಾಕಿ ಮಲಗಿಬಿಟ್ಟರೆ ಇವತ್ತಿಗೆ ಮುಗಿಯುತ್ತಿತ್ತು. ನಿಜ ಹೇಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು, ಅವಳಲ್ಲಿ ಅದು ಚೂರೂ ಉಳಿದಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು.

ಸಹಿಯ ಜಾಗದ ಮೇಲಿನ ಸಾಲಿನಲ್ಲಿ, ಜಾಮೀನುದಾರರ ತಿಂಗಳ ಆದಾಯ ಅನ್ನುವಲ್ಲಿ, ತಂಗಿ ಆಗಲೇ ಮುತ್ತು ಪೋಣಿಸಿದಂತೆ ಬರೆದಿಟ್ಟಿದ್ದಳು: ನಲವತ್ತೈದು ಸಾವಿರ. ಅಕ್ಕ ಅದನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹತ್ತೊಂಬತ್ತು ಅಂತ ಬರೆದಳು.

"ಅಯ್ಯೋ, ಏನೇ ಮಾಡ್ದೆ! ಅರ್ಜಿ ಹಾಳಾಯ್ತಲ್ಲ!"

"ಹಾಳಾಗಿಲ್ಲ. ನನ್ನ ಸಂಬಳ ಅಷ್ಟೇ."

"ತಮಾಷೆ ಮಾಡ್ಬೇಡ ಅಕ್ಕ."

"ತಮಾಷೆ ಮಾಡೋಕೆ ನಂಗೆ ಶಕ್ತಿ ಇಲ್ಲ ಕಣೇ. ಹತ್ತೊಂಬತ್ತು. ಅದ್ರಲ್ಲಿ ಒಂಬತ್ತು ಕಂತಿಗೆ ಹೋಗತ್ತೆ, ಆರು ಅಮ್ಮನಿಗೆ. ಸಾಲ ಈ ವರ್ಷ ಮುಗಿಯಲ್ಲ. ಇನ್ನೂ ಏಳು ವರ್ಷ ಇದೆ. ಆ ಕಾಗದದಲ್ಲಿರೋ ನಲವತ್ತೆರಡು ಸುಳ್ಳು. ನಾವೇ ಸೇರಿ ಹೇಳಿದ ಸುಳ್ಳು. ಅದನ್ನ ನಂಬ್ಕೊಂಡು ನೀನು ಸಾಲ ಮಾಡ್ಬೇಡ."

ಮಷೀನಿನ ಸದ್ದು ನಿಂತಿತು. ಬೈಗುಳ ಬರುತ್ತದೆ ಎಂದು ಅಕ್ಕ ಕಾದಳು. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಮ್ಮ ಸೂಜಿಯ ಕೆಳಗಿದ್ದ ಪ್ಯಾಂಟಿನ ಕಾಲನ್ನು ಅಂಗೈಯಲ್ಲಿ ಸವರಿ ಸವರಿ ನೆಟ್ಟಗೆ ಮಾಡುತ್ತಿದ್ದಳು.

ತಂಗಿ ಕರಪತ್ರವನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟಳು. "ಇದನ್ನ ನೋಡಿ ನಾನು ಸೇರ್ತೀನಿ ಅಂದಿದ್ದಲ್ಲ," ಅಂದಳು ಮೆಲ್ಲಗೆ. "ಇದು ಬಂದಿದ್ದು ಹೋದ ವಾರ. ನಾನು ಎರಡು ವರ್ಷದಿಂದ ನಿನ್ನನ್ನ ನೋಡ್ತಿದೀನಿ. ಸಾಲ, ಮನೆ, ಕೆಲಸ, ಎಲ್ಲಾ ನೀನು ಎಷ್ಟು ಸಲೀಸಾಗಿ ನಡೆಸ್ಕೊಂಡು ಹೋಗ್ತೀಯ ಅಂತ. ನಾನೂ ನಿನ್ನ ಥರ ಆಗ್ಬೇಕು ಅಂತಿತ್ತು."

 

"ಓದು ಚೆನ್ನಾಗಿತ್ತು ಕಣೇ," ಅಂದಳು ಅಕ್ಕ. "ಅದೊಂದು ಸುಳ್ಳಲ್ಲ. ಆ ಮೂರು ವರ್ಷ ನಾನು ಖುಷಿಯಾಗಿದ್ದೆ. ನಿಂಗೆ ಅಷ್ಟು ಆಸೆ ಇದ್ರೆ..." ಅವಳು ಪೆನ್ನನ್ನು ಸಹಿಯ ಜಾಗಕ್ಕೆ ತಂದಳು.

ತಂಗಿ ಅರ್ಜಿಯನ್ನು ಅವಳ ಕೈಕೆಳಗಿಂದ ಮೆಲ್ಲಗೆ ಎಳೆದುಕೊಂಡಳು.

"ಬೇಡ ಬಿಡಕ್ಕ. ಆ ಒಂಬತ್ತು ಸಾವಿರದ ಕಂತೇ ಸಾಕು ನಿಂಗೆ."

ಎದೆಯ ಮೇಲಿನ ಭಾರ ಇಳಿದಂತಾಗಿ ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ತಂಗಿಯ ಆಸೆ ಮುರಿದುಬಿದ್ದ ಹೊತ್ತಿನಲ್ಲಿ ತನಗೆ ಮೊದಲು ಅನ್ನಿಸಿದ್ದು ನೆಮ್ಮದಿ ಎಂದು ಮರುಗಳಿಗೆಯಲ್ಲೇ ಹೊಳೆಯಿತು. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ.