ಹುಳುಮನೆಗೆ ಬಂದ ಓದುಯಂತ್ರ

೨೦೦೯ರಲ್ಲಿ ತಿಪ್ಪಸಂದ್ರದ ಅಶ್ವಥ್ ಮಾಡಿದ ಕೆಲಸವನ್ನು ಬಿಡದಿಯ ಅಷ್ಟೂ ಎಂಜಿನಿಯರುಗಳು ಏಳು ಜನ್ಮ ಎತ್ತಿ ಬಂದರೂ ಮಾಡಲಾರರು. ಅವನು ಅಲ್ಲಿನ ಕಾರ್ಖಾನೆಯೊಂದರಲ್ಲಿ ಬರೀ ಎಲೆಕ್ಟ್ರಿಷಿಯನ್. ರಾಮನಗರದ ರಸೂಲನ ರಿಪೇರಿ ಅಂಗಡಿಯ ಮೂಲೆಯಲ್ಲಿ, ಪುಸ್ತಕ ಓದುವ ವಿದೇಶಿ ಇ-ರೀಡರೊಂದು ಬಿದ್ದಿತ್ತು. ಅದಕ್ಕೆ ಕನ್ನಡ ಬಾರದು. ಅಶ್ವಥ್ ಅದನ್ನು ರಸೂಲನಿಂದ ಎರವಲು ತಂದು, ಬೆನ್ನು ಬಿಚ್ಚಿ, ಕಂಪನಿಯವರು ಜಡಿದಿದ್ದ ಸಾವಿರ ಬೀಗ ಮುರಿದು, ತಾನೇ ಬರೆದ ಪ್ರೋಗ್ರಾಮು ತುಂಬಿದ. ಕನ್ನಡದ ಮಾತುಗಳನ್ನು ಚಿತ್ರ ಮಾಡಿ ನುಂಗಿಸಿದ.

ಆಮೇಲೆ ಅದನ್ನು ತಮ್ಮ ರೇಷ್ಮೆ ಹುಳುಮನೆಯ ಗೋಡೆಗೆ ತೂಗುಹಾಕಿದ. ಮೊಟ್ಟೆಯೊಡೆದ ದಿನ ತಿಳಿಸಿದರೆ ಸಾಕು, ಸೊಪ್ಪು ಯಾವಾಗ ಹಾಕಬೇಕು, ಹುಳು ಪೊರೆ ಬಿಡುವ ಜ್ವರಕ್ಕೆ ಮಲಗಿದಾಗ ಯಾವಾಗ ನಿಲ್ಲಿಸಬೇಕು, ಎಲ್ಲವನ್ನೂ ಅದೇ ಬರೆದು ತೋರಿಸುತ್ತಿತ್ತು. ಒಂದು ಚಾರ್ಜಿಗೆ ತಿಂಗಳು ಬರುತ್ತದೆಂದು ಮಾಗಡಿಯವರೆಗೂ ಸಾರಿಕೊಂಡು ಬಂದ.

ಅವನ ತಾಯಿ ಬೈರಮ್ಮ ಮೂವತ್ತು ವರ್ಷ ಹುಳು ಸಾಕಿದವಳು, ಹುಳು ಕೆಮ್ಮಿದರೂ ನಿದ್ದೆಯಿಂದ ಏಳುವವಳು. ನಾಲ್ಕನೇ ಕ್ಲಾಸು ಓದಿದ್ದ ಆಕೆ ಪರದೆಯ ಮಾತನ್ನು ಬೆರಳಿಟ್ಟು ಓದಿ ಹಾಗೆಯೇ ನಡೆದಳು. ಮೂರು ಜ್ವರ ಸುಸೂತ್ರವಾಗಿ ಕಳೆದವು. ನಾಲ್ಕನೆಯದು ಕಳೆದರೆ ವಾರದೊಳಗೆ ಗೂಡು. ವರ್ಷದ ದೊಡ್ಡ ಬೆಳೆ ಅದು.

ಆ ನಾಲ್ಕನೇ ಜ್ವರಕ್ಕೆ ಹುಳು ಮಲಗಿದ ದಿನವೇ ಕಾರ್ಖಾನೆಯಲ್ಲಿ ಏನೋ ಕೆಟ್ಟು, ಅಶ್ವಥ್ ಮೂರು ದಿನ ಅಲ್ಲೇ ಉಳಿಯಬೇಕಾಯಿತು. ಬಂದು ನೋಡಿದರೆ ತಾಯಿ ಹುಳುಮನೆಯ ಹೊಸ್ತಿಲಲ್ಲಿ ಕುಳಿತಿದ್ದಾಳೆ. ಪಕ್ಕದಲ್ಲಿ ಒದ್ದೆ ಗೋಣಿ ಹೊದಿಸಿದ ಸೊಪ್ಪಿನ ರಾಶಿ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಗಾಳಿಯಲ್ಲಿ ತಡಕಾಡುತ್ತಿವೆ. ಗೋಡೆಯ ಮೇಲೆ ಮಾತ್ರ, ‘ಜ್ವರ. ಸೊಪ್ಪು ಹಾಕಬೇಡಿ.’

ಗುಂಡಿ ಒತ್ತಿದ. ಯಂತ್ರ ಮಿಸುಕಲಿಲ್ಲ. ಆ ಪರದೆಯ ಗುಣವೇ ಹಾಗೆ, ಬ್ಯಾಟರಿ ಸತ್ತರೂ ಕೊನೆಗೆ ಬರೆದದ್ದು ಅಳಿಯುವುದಿಲ್ಲ. ಅವನ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಎದ್ದು ಗಡಿಯಾರ ನೋಡಿ ನೋಡಿ ಚಾರ್ಜನ್ನೆಲ್ಲ ಕುಡಿದುಬಿಟ್ಟಿತ್ತು.

“ಹುಳ ಯಾವಾಗ ಎದ್ದೋ ಅವ್ವ?”

“ನೆನ್ನೆ ಮದ್ಯಾನ್ವೇ ಎದ್ದೋ ಕಣಪ್ಪ. ಸೊಪ್ಪೂ ತಂದೆ. ಅದು ಬ್ಯಾಡ ಅಂತಿತ್ತು.”

“ಹುಳ ನೋಡಿ ಹಾಕ್ಬಾರ್ದಾಗಿತ್ತಾ?”

“ಅಷ್ಟು ಓದಿ ಬರ್ದಿದ್ದೀಯ. ನನ್ ಕಣ್ಣೇ ಮಂಜಾಗೈತೇನೋ ಅನ್ಕಂಡೆ. ಮೂರ್ ಸಲ ಎದ್ದೋಗಿ ಓದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ನಂಬಿಕೆ ಅವನ ಮೇಲೆ ರಾಮನಗರದ ಬಂಡೆಗಳನ್ನೆಲ್ಲ ಒಟ್ಟಿಗೆ ಹೇರಿದಂತಾಯಿತು. ಇಬ್ಬರೂ ಸೇರಿ ಸೊಪ್ಪು ಹಾಕಿದರು. ಆದರೂ ಕಾಲು ಭಾಗ ಹುಳು ಉಳಿಯಲಿಲ್ಲ. ಇದೊಂದನ್ನು ಮಾತ್ರ ರಾಗಿಕಾಳಿನಷ್ಟೂ ಹೆಚ್ಚಿಸಿ ಹೇಳುತ್ತಿಲ್ಲ.

ರಸೂಲ್ ಯಂತ್ರವನ್ನು ವಾಪಸು ಕೇಳಿದ. ಅಶ್ವಥ್ ಕೊಡಲಿಲ್ಲ. ಒಂದು ವಾರ ಕುಳಿತು ಅದರೊಳಗಿನ ಅಪ್ಪಣೆಗಳನ್ನೆಲ್ಲ ಅಳಿಸಿದ. ಮುಂದಿನ ಬೆಳೆಗೆ ಮತ್ತೆ ಗೋಡೆ ಹತ್ತಿದಾಗ ಅದರಲ್ಲಿ ಒಂದೇ ಸಾಲಿತ್ತು: ‘ಹುಳು ಎದ್ದಿವೆಯಾ?’

ಬೈರಮ್ಮ ಬೆರಳಿಟ್ಟು ಓದಿದಳು. “ನನ್ನೇ ಕೇಳ್ತೈತಲ್ಲ ಇದು” ಎಂದು ಗೊಣಗಿ, ತಟ್ಟೆಗಳ ಕಡೆ ಬಗ್ಗಿದಳು.