ಬೆರಳ ತುದಿಯ ಕುಂಕುಮ

ಕಪ್ಪು ಪರದೆಯ ಮೇಲೆ ಮತ್ತೆ ಅದೇ ಹಸಿರು ಸಾಲು, ಡ್ರೈವರ್ ಕೆಟ್ಟಿದೆ ಇಲ್ಲವೇ ಕಾಣೆಯಾಗಿದೆ ಎಂದು ಇಂಗ್ಲಿಷಿನಲ್ಲಿ, ಹರಿಹರ ದೂರದಿಂದಲೇ ಓದಿದ, ಓದಿ ಒಳಗೊಳಗೇ ತಂಪಾದ — ಶಿವ ಶಿವಾ, ಹೀಗೆ ತಂಪಾಗಬಾರದು — ಆದರೂ ಕುಮಟೆಯ ಈ ಮೀನುಗಾರರ ಸೊಸೈಟಿಯಲ್ಲಿ ಇಷ್ಟು ವರ್ಷ ಅಕ್ಷರವೆಂದರೆ ಅವನ ಟೈಪ್‌ರೈಟರು, ಈಗದು ಬಲೆ ಇಡುವ ಕೋಣೆಯಲ್ಲಿ ಗೋಣಿ ಹೊದ್ದು ಕೂತಿದೆ, ಕಿಟಕಿ ಪಕ್ಕದ ಅವನ ಮೇಜಿನಲ್ಲಿ ಪರಮೇಶ್ವರಿ, ಮಂಗಳೂರಲ್ಲಿ ಕಂಪ್ಯೂಟರ್ ಕಲಿತು ಬಂದವಳು, ಫ್ಯಾನು ಅವಳ ಕಡೆಗೇ, ಮೊದಲ ಚಾ ಅವಳಿಗೇ. ಎಂತ ಆತು ಮಾರಾಯ್ತಿ, ಬಾಗಿಲಲ್ಲಿ ಕಾರ್ಯದರ್ಶಿ ಶಾಂತಾರಾಮ, ಸಂಜೆಯೊಳಗೆ ಪ್ರಿಂಟರ್ ಓಡದಿದ್ರೆ ಈ ಪೆಟ್ಟಿಗೆ ವಾಪಸ್, ನಮ್ಗೆ ಹರಿಹರನ ಟಕಟಕವೇ ಸಾಕು. ಹೊಗಳಿದನೋ ಹೀಯಾಳಿಸಿದನೋ, ಇರಲಿ, ವಾಪಸ್ ಎಂದನಲ್ಲ. ಡ್ರೈವರ್ ಎಂದರೆ ಯಂತ್ರಕ್ಕೆ ಪ್ರಿಂಟರಿನ ಗುರುತು ಹೇಳುವ ಸಣ್ಣ ಪ್ರೋಗ್ರಾಮಂತೆ, ಯಂತ್ರ ಏಳುವಾಗಲೇ ಫ್ಲಾಪಿಯಿಂದ ಒಳಹೊಕ್ಕು ಕೂರಬೇಕಂತೆ, ಆವಾಹನೆಯಾಗದ ಕಲಶ ಬರೀ ನೀರಿನ ತಂಬಿಗೆ, ಹಾಗೆಯೇ ಇರಬೇಕು — ಡ್ರೈವರಿನ ಹೆಸರು ಸರಿ ಉಂಟು, ಅವಳು ತನ್ನಷ್ಟಕ್ಕೆ ಗೊಣಗುತ್ತಾಳೆ, ಮೊನ್ನೆವರೆಗೆ ಓಡಿದೆ, ಬೇರೆ ಫ್ಲಾಪಿ ಓದ್ತದೆ, ಹಾಗಾದ್ರೆ ಈ ಫ್ಲಾಪಿಯೇ ಹಾಳು. ಹರಿಹರನ ಉಂಗುರಬೆರಳು ಪಂಚೆಯ ಮಡಿಕೆಯೊಳಗೆ ತಾನಾಗಿ ಸರಿಯಿತು. ತೊಳೆದರೂ ಹೋಗದ ಕೆಂಪು. ನಿನ್ನೆ ಆಯುಧಪೂಜೆ, ಇಲ್ಲಿ ಪೂಜೆ ಅವನದೇ, ಅದೊಂದನ್ನು ಯಾರೂ ಕಸಿದಿಲ್ಲ, ತಕ್ಕಡಿಗೆ ಕುಂಕುಮ ಇಟ್ಟ, ಐಸು ಒಡೆಯುವ ಸುತ್ತಿಗೆಗೆ ಇಟ್ಟ, ಗೋಣಿ ಸರಿಸಿ ಟೈಪ್‌ರೈಟರಿಗೆ ಮನಸಾರೆ ಇಟ್ಟ, ನಮ್ಮದಕ್ಕೂ ಇಡಿ ಹರಿಹರಣ್ಣ ಎಂದು ಅವಳೇ ನಕ್ಕು ಹೂ ತರಲು ಹೋದಳು, ಪೆಟ್ಟಿಗೆಯ ಪಕ್ಕ ಆ ಕಪ್ಪು ಚೌಕದ ಫ್ಲಾಪಿ, ಅದರ ಸೀಳಿನಲ್ಲಿ ಮಿನುಗುವ ತಟ್ಟೆ — ಅಲ್ಲಿ ಮಾತ್ರ ಮುಟ್ಬೇಡಿ, ಕೊಳೆ ತಾಗಿದ್ರೆ ಮುಗೀತು, ಬಂದ ದಿನವೇ ಎಲ್ಲರಿಗೂ ಹೇಳಿದ್ದಳು — ದೇವರ ಕುಂಕುಮ ಕೊಳೆಯೇ, ಎಂದು ಕೇಳಿಕೊಂಡೇ ಇಟ್ಟಿದ್ದ, ಭಕ್ತಿಯಿಂದಲೇ ಇಟ್ಟಿದ್ದ, ಆದರೆ ತಕ್ಕಡಿಗೆ ಬರೀ ತಾಗಿಸಿದ ಬೆರಳು ಅಲ್ಲಿ ಒತ್ತಿತ್ತು, ಒತ್ತಿ ಒಂದು ಸುತ್ತು ತಿರುಗಿತ್ತು, ತಾಯೀ, ಯಾಕೆ ತಿರುಗಿತು. ಪರಮೇಶ್ವರಿ ಫ್ಲಾಪಿ ಎಳೆದಳು. ಕಿಟಕಿಯ ಬೆಳಕಿಗೆ ಹಿಡಿದಳು. ಕೂಗಲಿಲ್ಲ. ಇದಕ್ಕೂ ಇಟ್ರಾ ಹರಿಹರಣ್ಣ, ಇದರ ನಕಲು ಇಲ್ಲ ನನ್ಹತ್ರ — ಅಷ್ಟೇ, ಅವಳ ಹಣೆಯ ಕುಂಕುಮ ಬೆವರಿಗೆ ಕರಗಿದೆ, ಪೆಟ್ಟಿಗೆ ಕಟ್ಟೂಕೆ ಹೇಳಲಾ, ಹೊರಗಿನಿಂದ ಶಾಂತಾರಾಮ ಕೇಳಿದ, ಹೇಳು ಹರಿಹರ, ಎಂದಿತು ಒಳಗಿನ ದನಿ, ತಂಗೀ ನಾನೇ ಒತ್ತಿದ್ದು ಎಂದು ಹೇಳು, ಬೆರಳು ಮಾತ್ರ ಪಂಚೆಯ ಮಡಿಕೆಯಲ್ಲಿ ಇನ್ನೂ ಒಳಗೆ, ಟೈಪ್‌ರೈಟರು ಗೋಣಿ ಕೊಡವಿ ಬರುತ್ತದೆ ಇನ್ನು, ಬಂದರೂ ಕಣ್ಣು ಸೀಳಿನಿಂದ ಕೀಳಲಾಗುತ್ತಿಲ್ಲ, ಸೀಳಿನಲ್ಲಿ ಕೆಂಪು ಬೊಟ್ಟು, ಬೊಟ್ಟಿನಲ್ಲಿ ತಿರುಗಿದ ಬೆರಳಿನ ಗೆರೆ, ಕೆಂಪು ಬೊಟ್ಟು —